ಬಾಯಿ ಮುಚ್ಚಿ ಕಲಿತ ತೆಲುಗು

ತೊಣ್ಣೂರಿನ ಚಿಕ್ಕಸ್ವಾಮಿ ಹುಟ್ಟಿನಿಂದಲೇ ಅಂಜುಬುರುಕ. ಸಿಡಿಲಿಗೆ ಹೆದರುತ್ತಿದ್ದ, ಬೇರೆ ಬೀದಿಯ ನಾಯಿಗೆ ಹೆದರುತ್ತಿದ್ದ. ತಾಲೂಕು ಕಚೇರಿಗೆಂದು ಹೊರಟರೆ ಅಲ್ಲಿನ ಜವಾನನಿಗೆ ಹೆದರಿ, ಎದುರಿನ ಅಂಗಡಿಯಲ್ಲಿ ಟೀ ಕುಡಿದು ಹಾಗೇ ವಾಪಸು ಬರುತ್ತಿದ್ದ. ಫೋನಿನಲ್ಲಿ ಗುರುತಿಲ್ಲದ ನಂಬರು ಕಂಡರೆ ಅದನ್ನು ಹೆಂಡತಿ ಪುಟ್ಟಗೌರಮ್ಮನ ಕೈಗೆ ಕೊಟ್ಟು, ತಾನು ಕೊಟ್ಟಿಗೆಗೆ ಹೋಗಿ ಹಸುವಿನ ಪಕ್ಕ ನಿಲ್ಲುತ್ತಿದ್ದ. ಇಂಥ ಮನುಷ್ಯ ಐವತ್ತು ದಾಟಿದ ಮೇಲೆ ಪೊಲೀಸಿನವರೊಬ್ಬರಿಗೆ ಸುಳ್ಳು ಹೇಳಿದ ಎಂದರೆ ನಂಬುವುದು ಕಷ್ಟ. ಆದರೆ ಹೇಳಿದ್ದು ನಿಜ. ಅದನ್ನೂ ಹೆದರಿಕೆಯಿಂದಲೇ ಹೇಳಿದ.

ಅವನ ಒಬ್ಬಳೇ ಮಗಳು ತನುಶ್ರೀ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲೇ ಲ್ಯಾಬಿನಲ್ಲಿದ್ದ ವಿಜಯೇಂದ್ರ ಎನ್ನುವ ಕಡಪದ ಕಡೆಯ ಹುಡುಗನನ್ನು ಮೆಚ್ಚಿಕೊಂಡಿದ್ದಳು. ಹುಡುಗ ಒಂದು ಭಾನುವಾರ ಮನೆಗೆ ಬಂದು, ಕನ್ನಡದಲ್ಲಿ ಮಾತಾಡಿ, ಅಗಿಯದೆ ಮುದ್ದೆ ನುಂಗಿ ತೋರಿಸಿ ಪಾಸಾಗಿದ್ದ. ಉಳಿದದ್ದು ಹುಡುಗನ ತಂದೆತಾಯಿಯ ಒಪ್ಪಿಗೆ. ತಂದೆ ಓಬುಳೇಸು, ನಿವೃತ್ತ ಸಬ್ ಇನ್‌ಸ್ಪೆಕ್ಟರು.

"ಅಪ್ಪಾ, ಅವ್ರಪ್ಪ ಇವತ್ತು ಫೋನ್ ಮಾಡ್ತಾರೆ. ಅವ್ವನ ಕೈಗೆ ಕೊಟ್ಬುಟ್ಟು ಓಡೋಗ್ಬೇಡ, ನೀನೇ ಮಾತಾಡು," ಎಂದು ಮಗಳು ಮೊದಲೇ ಕಟ್ಟುನಿಟ್ಟು ಮಾಡಿದ್ದಳು.

ಫೋನು ಬಂದಾಗ ಚಿಕ್ಕಸ್ವಾಮಿ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ. ಹಿಂದೆ ಪಕ್ಕದ ಮನೆಯ ಮಂಚಯ್ಯ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದ. ಫೋನಿನೊಳಗಿಂದ ಲಾಠಿಯಂಥ ದನಿಯೊಂದು ಕೇಳಿತು: "ಮೀಕು ತೆಲುಗು ವಚ್ಚಾ?"

ತೆಲುಗು ಬರುತ್ತದೆಯೇ ಎಂದು ಕೇಳುತ್ತಿದ್ದಾರೆ ಎನ್ನುವಷ್ಟು ಅವನಿಗೂ ತಿಳಿಯಿತು. ಆದರೆ ಪೊಲೀಸಿನವರು ಕೇಳಿದ್ದಕ್ಕೆ 'ಇಲ್ಲ' ಎನ್ನುವ ಧೈರ್ಯ ಎಲ್ಲಿಂದ ತರುವುದು?

"ವಚ್ಚು. ವಚ್ಚು. ಬಾಗಾ ವಚ್ಚು," ಎಂದುಬಿಟ್ಟ.

ಆಮೇಲೆ ಆ ದನಿ ತುಂಬಾ ಹೊತ್ತು ಏನೇನೋ ಹೇಳಿತು. ಚಿಕ್ಕಸ್ವಾಮಿ ಎಲ್ಲಕ್ಕೂ "ಅವುನು, ಅವುನು" ಎಂದ. ಫೋನು ಇಟ್ಟಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಅಲ್ಲ ಕಣ್ಲಾ ಚಿಕ್ಕಸಾಮಿ, ನಿಂಗೆ ತೆಲುಗು ಬತ್ತದೆ ಅಂತ ಇಷ್ಟ್ ವರ್ಸ ಏಳ್ಲೇ ಇಲ್ವಲ್ಲ," ಎಂದ ಮಂಚಯ್ಯ.

"ಯಾರೂ ಕೇಳ್ನಿಲ್ಲ," ಎಂದ ಚಿಕ್ಕಸ್ವಾಮಿ.

ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಯಿತು. ಮಗಳು ಫೋನಿನಲ್ಲಿ ಅತ್ತೇಬಿಟ್ಟಳು. "ಅಪ್ಪಾ, ಅವ್ರಮ್ಮಂಗೆ ತೆಲುಗು ಬುಟ್ರೆ ಬ್ಯಾರೆ ಬರಕ್ಕಿಲ್ಲ. ಬೀಗರ ಮನೇಲಿ ಬಾಯ್ಬುಟ್ಟು ಮಾತಾಡಕ್ಕೆ ಯಾರೂ ಇಲ್ವಲ್ಲ ಅಂತ ಒಂದೇ ಕೊರಗಾಗಿತ್ತು ಅವ್ರಿಗೆ. ನಿಂಗೆ ಬತ್ತದೆ ಅಂದಿದ್ದೇ ಒಪ್ಕಂಡ್ರಂತೆ. ಯುಗಾದಿ ಕಳುದ್ಮೇಲೆ ಬತ್ತಾರೆ. ನಿನ್ನಿಂದ್ಲೇ ಆಯ್ತು ಕಣಪ್ಪಾ."

ಇಷ್ಟಾದ ಮೇಲೆ ನಿಜ ಹೇಳುವುದಕ್ಕೆ ಹುಲಿಯ ಎದೆ ಬೇಕು. ಚಿಕ್ಕಸ್ವಾಮಿಯ ಎದೆಯಲ್ಲಿ ಇದ್ದದ್ದು ಮೊಲ.

ಮಾರನೆಯ ದಿನವೇ ಶ್ರೀರಂಗಪಟ್ಟಣಕ್ಕೆ ಹೋಗಿ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತೆಲುಗು ಕಲಿಸುವ ಪುಸ್ತಕ ಕೊಂಡ. ಮೊದಲ ಪಾಠ 'ಇದು ಮೇಜು'. ಅವನ ಮನೆಯಲ್ಲಿ ಮೇಜು ಇರಲಿಲ್ಲ. ಎರಡನೆಯದು 'ಅದು ವಿಮಾನ'. ಅವನು ಪುಸ್ತಕ ಮುಚ್ಚಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದನ್ನು ಕಂಡವಳು ಅಪರ್ಣ. ತನುಶ್ರೀಯ ಜೊತೆ ಓದಿದವಳು, ಅಲ್ಲಿನ ದೇವಸ್ಥಾನದ ಅರ್ಚಕರ ಮನೆಯ ಹುಡುಗಿ, ಈಗ ಕಾಲೇಜಿನಲ್ಲಿ ಮನಃಶಾಸ್ತ್ರದ ಮೇಡಮ್ಮು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡು ಚಿಕ್ಕಸ್ವಾಮಿ ತನ್ನ ಕಷ್ಟ ತೋಡಿಕೊಂಡ.

"ಅಷ್ಟೇನಾ ಅಂಕಲ್," ಎಂದಳು ಅಪರ್ಣ. "ಮಗು ಹೇಗೆ ಮಾತು ಕಲಿಯುತ್ತೆ ಹೇಳಿ. ಯಾರಾದರೂ ಅದಕ್ಕೆ ವ್ಯಾಕರಣ ಪಾಠ ಮಾಡ್ತಾರಾ? ಸುಮ್ಮನೆ ಕೇಳುತ್ತೆ, ನೋಡುತ್ತೆ. ಯಾರು ಯಾವಾಗ ಏನಂದರು ಅಂತ ಮೆದುಳು ತಾನೇ ಜೋಡಿಸ್ಕೊಳ್ಳುತ್ತೆ. ಆ ಶಕ್ತಿ ವಯಸ್ಸಾದ ಮೇಲೂ ಇರುತ್ತೆ. ನಿಮ್ಮ ಮೆದುಳಲ್ಲೂ ಇದೆ."

"ನನ್ ಮೆದ್ಲಲ್ಲಾ?" ಎಂದ ಚಿಕ್ಕಸ್ವಾಮಿ. ಅದರಲ್ಲಿ ಏನಾದರೂ ಇದೆಯೆಂದು ಇದುವರೆಗೆ ಯಾರೂ ಅವನಿಗೆ ಹೇಳಿರಲಿಲ್ಲ.

"ದಿನಾ ತೆಲುಗು ಕೇಳಿ. ಮನೆ, ಸಂಸಾರ, ಬರೋರು ಹೋಗೋರು ಇರೋ ಅಂಥದ್ದನ್ನ ನೋಡಿ. ಕನ್ನಡಕ್ಕೆ ತಿರುಗಿಸ್ಕೊಬೇಡಿ. ಮಾತಾಡೋಕೆ ಆತುರ ಪಡಬೇಡಿ. ಮಾತು ತಾನಾಗೇ ಬರುತ್ತೆ."

"ಬರ್ನಿಲ್ಲ ಅಂದ್ರೆ?"

"ಬರುತ್ತೆ. ಒಂದೇ ವಿಷಯ, ಹೆದರಬೇಡಿ. ಹೆದರಿಕೆ ಆದರೆ ಮೆದುಳು ಬಾಗಿಲು ಹಾಕ್ಕೊಂಡುಬಿಡುತ್ತೆ, ಒಳಗೆ ಏನೂ ಹೋಗಲ್ಲ."

ಈ ಕೊನೆಯ ಮಾತು ಅವನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಪಾಂಡವಪುರದ ಬಸ್ಸಿನಲ್ಲಿ ಕೂತು ತನಗೆ ಹೆದರಿಕೆ ಆಗಿದೆಯೋ ಇಲ್ಲವೋ ಎಂದು ಎದೆ ಮುಟ್ಟಿ ಮುಟ್ಟಿ ನೋಡಿಕೊಂಡ. ಪ್ರತಿಸಲವೂ ಆಗಿತ್ತು.

'ಮಾತಾಡೋಕೆ ಆತುರ ಪಡಬೇಡಿ' ಎಂದು ಅಪರ್ಣ ಹೇಳಿದ್ದು ತೆಲುಗಿನ ಬಗ್ಗೆ. ಊರು ತಲುಪುವ ಹೊತ್ತಿಗೆ ಅದು ಚಿಕ್ಕಸ್ವಾಮಿಯ ತಲೆಯಲ್ಲಿ 'ಮಾತಾಡಲೇಬೇಡ' ಎಂದಾಗಿತ್ತು. ಹುಟ್ಟಿದ ಮಗು ತೆಲುಗು ಕೇಳುತ್ತಾ ಮಧ್ಯೆ ಮಧ್ಯೆ ಕನ್ನಡದಲ್ಲಿ ಮಾತಾಡುತ್ತದೆಯೇ? ಇಲ್ಲ. ಅನ್ನ ಬೇಯುವಾಗ ತಟ್ಟೆ ತೆಗೆದರೆ ಆವಿ ಹೋಗುವ ಹಾಗೆ, ಬಾಯಿ ಬಿಟ್ಟರೆ ಒಳಗೆ ಹೋದ ತೆಲುಗೆಲ್ಲ ಹೊರಗೆ ಹೋಗುತ್ತದೆ. ಹೀಗೆ ತರ್ಕಿಸಿ ಮನೆಯ ಹೊಸಿಲು ದಾಟಿದವನು ಬಾಯಿ ಮುಚ್ಚಿದ.

ಫೋನಿನಲ್ಲಿ ಒಂದು ತೆಲುಗು ಧಾರಾವಾಹಿ ಹುಡುಕಿಕೊಂಡ. ಅದರಲ್ಲಿ ಒಂದು ದೊಡ್ಡ ಮನೆ. ಮನೆಗೆ ಹಣೆಯ ತುಂಬ ಕುಂಕುಮವಿಟ್ಟ ಒಬ್ಬ ಯಜಮಾನಿ. ಯಾರಾದರೂ ಬಾಗಿಲಲ್ಲಿ ಬಂದು ನಿಂತರೆ ಸಾಕು, ಆಕೆ ಕತ್ತು ಓರೆ ಮಾಡಿ, ಬಲಗೈ ನೀಡಿ ಒಂದೇ ಮಾತು ಹೇಳುತ್ತಿದ್ದಳು. ಬಂದವರ ಕಣ್ಣಲ್ಲಿ ನೀರು ಬರುತ್ತಿತ್ತು. ಕನ್ನಡಕ್ಕೆ ತಿರುಗಿಸಿಕೊಳ್ಳುವ ಹಾಗಿಲ್ಲವಲ್ಲ, ಚಿಕ್ಕಸ್ವಾಮಿ ತಿರುಗಿಸಿಕೊಳ್ಳಲಿಲ್ಲ. ಮನೆಗೆ ಬಂದವರಿಗೆ ಹೇಳುವ ಮಾತು ಇದು ಎಂದು ಅವನ ಮೆದುಳು ತಾನೇ ಜೋಡಿಸಿಕೊಂಡಿತು. ಅಷ್ಟು ಆದರದಿಂದ ಕರೆದರೆ ಯಾರಿಗೆ ತಾನೇ ಕಣ್ಣೀರು ಬಾರದು? ಯಜಮಾನಿಯ ಮುಖ ಮಾತ್ರ ಯಾವಾಗಲೂ ಕೆಂಪಗಿರುತ್ತಿತ್ತು. ಅದು ಆ ಕಡೆಯ ಮೆಣಸಿನಕಾಯಿಯ ಗುಣ ಇರಬೇಕು ಎಂದುಕೊಂಡ.

ಮೊದಲ ದಿನ ಪುಟ್ಟಗೌರಮ್ಮ ಸಿಟ್ಟಿರಬೇಕೆಂದು ಸುಮ್ಮನಿದ್ದಳು. ಎರಡನೆಯ ದಿನ ಸಾರಿಗೆ ಉಪ್ಪು ಹಾಕದೆ ಬಡಿಸಿ ನೋಡಿದಳು. ಅವನು ಮಾತಿಲ್ಲದೆ ಉಂಡ. ಅವಳು ಸೌಟು ಕೆಳಗಿಟ್ಟಳು.

"ಏನಾಯ್ತು ನಿಮ್ಗೆ? ಯಾಕ್ ಇಂಗಾಡ್ತೀರಿ? ಬಾಯ್ಬುಟ್ಟು ಏಳ್ಬಾರ್ದಾ?"

ಚಿಕ್ಕಸ್ವಾಮಿ ಕಿವಿ ತೋರಿಸಿದ, ಬಾಯಿ ತೋರಿಸಿದ, ತಲೆ ತೋರಿಸಿದ, ಕೊನೆಗೆ ಎರಡೂ ಕೈಯಲ್ಲಿ ಮಗು ತೂಗಿದ ಹಾಗೆ ಮಾಡಿ ನಕ್ಕ. ಕಿವಿಯಿಂದ ಶುರುವಾಗಿ ಬಾಯಿಗೆ ಇಳಿದು ತಲೆಗೆ ಏರಿದೆ ಎಂದು ಪುಟ್ಟಗೌರಮ್ಮನಿಗೆ ಅರ್ಥವಾಯಿತು. ಮಗು ಯಾಕೆ ಎನ್ನುವುದು ಮಾತ್ರ ತಿಳಿಯಲಿಲ್ಲ, ತಿಳಿಯದೆ ಇನ್ನಷ್ಟು ಹೆದರಿದಳು. ಬರೆದು ತಿಳಿಸಬಹುದಿತ್ತು. ಆದರೆ ಮಗು ಬರೆಯುತ್ತದೆಯೇ? ಅಲ್ಲದೆ ಬರೆದರೆ ತೆಲುಗು ಬರುವುದಿಲ್ಲವೆಂದೂ ಬರೆಯಬೇಕಾಗುತ್ತಿತ್ತು.

ವಾರ ಕಳೆಯುವ ಹೊತ್ತಿಗೆ ಸುದ್ದಿ ಬೀದಿಗೆ ಬಿತ್ತು. ಮಂಚಯ್ಯ ಬಂದು ಚಿಕ್ಕಸ್ವಾಮಿಯ ಗಲ್ಲ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ, "ಇದು ಲಕ್ವ ಕಣವ್ವ. ನಮ್ ಮಾವಂಗೂ ಇಂಗೇ ಆಗಿತ್ತು," ಎಂದ.

"ಈಗೆಂಗವ್ರೆ ನಿಮ್ ಮಾವ?" ಎಂದು ಕೇಳಿದಳು ಪುಟ್ಟಗೌರಮ್ಮ.

"ಈಗೆಲ್ಲವ್ರೆ," ಎಂದು ಮಂಚಯ್ಯ ಆಕಾಶ ನೋಡಿದ.

ಕೆ.ಆರ್. ಪೇಟೆಯಿಂದ ಅಕ್ಕ ಪುಟ್ಟತಾಯಮ್ಮ ಬಸ್ಸು ಹತ್ತಿ ಬಂದಳು. ಬಾಗಿಲಿನಿಂದಲೇ ಅಳುತ್ತಾ ಬಂದು ತಮ್ಮನನ್ನು ತಬ್ಬಿಕೊಂಡಳು. ಅವನ ಕಿವಿಯಿಂದ ಜಾರಿದ ಇಯರ್‌ಫೋನಿನಲ್ಲಿ ಸಣ್ಣಗೆ ಹೆಂಗಸೊಬ್ಬಳು ಬಿಕ್ಕುವ ದನಿ ಕೇಳಿ ನಾಲ್ಕು ಹೆಜ್ಜೆ ಹಿಂದೆ ಸರಿದಳು.

"ಲಕ್ವಾನೂ ಅಲ್ಲ, ಏನೂ ಅಲ್ಲ ಕಣೇ ಗೌರಿ. ಕೆರೆ ಏರಿ ಮ್ಯಾಲೆ ಏನನ್ನೋ ಮೆಟ್ಟವ್ನೆ ಇವ್ನು. ಎಣ್ಣು ಅದು. ಒಳಗೆ ಕುಂತ್ಕಂಡು ಅಳ್ತಾ ಅವ್ಳೆ."

ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಹೆದರಿದವನು ಚಿಕ್ಕಸ್ವಾಮಿ. ಕೆರೆ ಏರಿಯ ಮೇಲೆ ಅವನು ಮೊನ್ನೆ ನಿಜವಾಗಿಯೂ ಏನನ್ನೋ ಮೆಟ್ಟಿದ್ದ. ಸಗಣಿ ಎಂದುಕೊಂಡಿದ್ದ. ಈಗ ಅನುಮಾನ ಬಂತು. ಬಾಯಿ ಬಿಟ್ಟು ಎಲ್ಲ ಹೇಳಿಬಿಡೋಣ ಎಂದು ಎದ್ದು ನಿಂತ. ಅಷ್ಟು ದಿನ ತುಂಬಿಸಿಟ್ಟ ತೆಲುಗು, ಮಗಳ ಮದುವೆ, ಓಬುಳೇಸುವಿನ ದನಿ, ಮೂರೂ ಒಟ್ಟಿಗೆ ನೆನಪಾಗಿ ಮತ್ತೆ ಕೂತ.

ಕೊನೆಗೆ ಮಂಚಯ್ಯನ ಗೂಡ್ಸ್ ಆಟೋದಲ್ಲಿ ಅವನನ್ನು ಪಾಂಡವಪುರದ ಒಂದು ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರು ನಾಲಿಗೆ ನೋಡಿದರು, ಕಣ್ಣಿಗೆ ಬೆಳಕು ಬಿಟ್ಟರು, ಮಂಡಿಗೆ ತಟ್ಟಿದರು. ಬಿಪಿ ನೋಡಿ ಹುಬ್ಬು ಏರಿಸಿ, ಸಿಸ್ಟರಿಗೆ ಇಂಜೆಕ್ಷನ್ ಕೊಡಲು ಹೇಳಿದರು. ಚಿಕ್ಕಸ್ವಾಮಿ ಸೂಜಿ ಕಂಡ. ಬೇಡ ಎನ್ನಬೇಕೆಂದು ಬಾಯಿ ತೆರೆದ. ಆಗ ಒಳಗಿಂದ, ಅವನು ಕರೆಯದೆಯೇ, ಬೇರೊಂದು ಮಾತು ಎದ್ದು ಬಂತು.

"ವದ್ದು," ಎಂದ. "ವದ್ದು, ವದ್ದು."

ತೆಲುಗಿನಲ್ಲಿ ಹಾಗೆಂದರೆ ಬೇಡ ಎಂದು. ಆದರೆ ಆಸ್ಪತ್ರೆ ಇದ್ದದ್ದು ಪಾಂಡವಪುರದಲ್ಲಿ.

"ಒದ್ದಾನಂತೆ," ಎಂದು ಸಿಸ್ಟರು ಸೂಜಿಯೊಂದಿಗೆ ಗೋಡೆಗೆ ಒರಗಿದಳು.

"ಯಾರ್ನಲಾ ಒದ್ದೀಯೆ?" ಎಂದು ಮಂಚಯ್ಯ ಬಾಗಿಲ ಕಡೆ ಸರಿದ.

ಚಿಕ್ಕಸ್ವಾಮಿಗೆ ಒಂದು ಕ್ಷಣ ಪರಮಾನಂದವಾಯಿತು. ಮಾತು ತಾನಾಗೇ ಬಂದಿತ್ತು. ಮರುಕ್ಷಣವೇ ಮೈ ತಣ್ಣಗಾಯಿತು. 'ಬ್ಯಾಡ' ಎನ್ನಲು ಇನ್ನೊಮ್ಮೆ ಯತ್ನಿಸಿದ, ಮತ್ತೆ 'ವದ್ದು' ಎಂದೇ ಬಂತು. ಕನ್ನಡ ಎಲ್ಲಿ ಹೋಯಿತು? ಒಂದು ಒಳಗೆ ಬಂದದ್ದಕ್ಕೆ ಇನ್ನೊಂದು ಎದ್ದು ಹೋಯಿತೇ? ಅಪರ್ಣ ಇದನ್ನು ಹೇಳಿರಲಿಲ್ಲವಲ್ಲ. ಹುಟ್ಟಿದೂರಿನಲ್ಲಿ ಮಾತು ಬಾರದವನಾಗಿ ಉಳಿದ ದಿನ ಕಳೆಯಬೇಕೇ? ಅವನು ನಡುಗತೊಡಗಿದ. ನಡುಗುವುದನ್ನು ಕಂಡು ಪುಟ್ಟತಾಯಮ್ಮ ಕೈ ಮುಗಿದು, "ತಾಯಿ, ಯಾವೂರೋಳವ್ವ ನೀನು? ನಮ್ ತಮ್ಮನ್ನ ಬುಟ್ಬುಡು," ಎಂದು ತಮ್ಮನ ಹೊಟ್ಟೆಯನ್ನು ಕೇಳಿಕೊಂಡಳು.

ಡಾಕ್ಟರು ಚೀಟಿ ಬರೆದರು. "ಲಕ್ವ ಏನಿಲ್ಲ. ಏನೋ ಭಯ ಹೊಕ್ಕಿದೆ. ನಾಳೆ ಯಾತಕ್ಕೂ ಮೈಸೂರಲ್ಲಿ ತಲೆ ಸ್ಕ್ಯಾನ್ ಮಾಡಿಸಿ."

ಪುಟ್ಟಗೌರಮ್ಮ ಅಳುತ್ತಾ ಮಗಳಿಗೆ ಫೋನು ಮಾಡಿದಳು. ಮಗಳು ಅಳುತ್ತಾ ವಿಜಯೇಂದ್ರನಿಗೆ ಹೇಳಿದಳು. ಅವನು ಗಾಬರಿಯಿಂದ ಊರಿಗೆ ಫೋನು ಮಾಡಿದ. ಬೀಗರಾಗುವವರು ಒಳ್ಳೆಯ ಜನ. ಹುಡುಗಿಯ ತಂದೆಗೆ ಮಾತು ನಿಂತಿದೆ ಎಂದು ಕೇಳಿದ್ದೇ ಯುಗಾದಿಗೆ ಕಾಯದೆ, ಸಿಕ್ಕಿದ ಬಸ್ಸು ಹತ್ತಿ ಹೊರಟೇಬಿಟ್ಟರು.

ಬೆಳಿಗ್ಗೆ ಚಿಕ್ಕಸ್ವಾಮಿಯ ಮನೆಯಲ್ಲಿ ನೋಡಲು ಬಂದವರು ಕಿಕ್ಕಿರಿದಿದ್ದರು. ಮೈಸೂರಿಗೆ ಹೊರಡಲು ಅವನಿಗೆ ಇಸ್ತ್ರಿ ಅಂಗಿ ತೊಡಿಸಿ, ಹಣೆಗೆ ವಿಭೂತಿ ಬಳಿದು, ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂರಿಸಿದ್ದರು. ಹೊರಗೆ ಆಟೋ ನಿಂತ ಸದ್ದಾಯಿತು. ಬಾಗಿಲಿನಲ್ಲಿ ಮುಂಗೈ ದಪ್ಪದ ಮೀಸೆಯೊಂದು ಕಾಣಿಸಿತು. ಅದರ ಹಿಂದೆ ಓಬುಳೇಸು, ಅವರ ಹಿಂದೆ ಹಣ್ಣಿನ ಬುಟ್ಟಿ ಹಿಡಿದ ಅವರ ಹೆಂಡತಿ ಚೆಂಚುಲಕ್ಷ್ಮಮ್ಮ.

ಚಿಕ್ಕಸ್ವಾಮಿ ಕೊಟ್ಟಿಗೆಯ ಕಡೆ ಕಣ್ಣು ಹಾಯಿಸಿದ. ಆದರೆ ಬಾಗಿಲು, ಬಾಗಿಲಲ್ಲಿ ಬಂದು ನಿಂತವರು, ಕೈಯಲ್ಲಿ ಬುಟ್ಟಿ: ಇದು ಅವನ ಮೆದುಳು ಸಾವಿರ ಸಲ ನೋಡಿದ ದೃಶ್ಯ. ಅದು ತನ್ನ ಕೆಲಸ ಮಾಡಿತು. ಅವನು ಎದ್ದ. ಕತ್ತು ಓರೆಯಾಯಿತು. ಬಲಗೈ ಮುಂದೆ ಚಾಚಿತು. ಗಂಟೆ ಹೊಡೆದ ಹಾಗೆ ಮಾತು ಹೊರಬಿತ್ತು.

"ಎಂದುಕೊಚ್ಚಾರು? ಈ ಇಂಟ್ಲೋ ಮೀಕು ಚೋಟು ಲೇದು. ಬೈಟಿಕಿ ನಡವಂಡಿ."

ಯಾಕೆ ಬಂದಿರಿ, ಈ ಮನೆಯಲ್ಲಿ ನಿಮಗೆ ಜಾಗವಿಲ್ಲ, ಹೊರಗೆ ನಡೆಯಿರಿ ಎಂದು ಅದರ ಅರ್ಥ. ಇದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಇಬ್ಬರೂ ಹೊಸಿಲಿನ ಆಚೆ ಇದ್ದರು.

ಒಳಗಿದ್ದವರಿಗೆ ರೋಮಾಂಚನವಾಯಿತು. "ಮಾತ್ ಬಂತಲ್ಲ ಕಣ್ರಪ್ಪಾ," ಎಂದ ಮಂಚಯ್ಯ. "ನೋಡ್ರಿ, ಎಂಗ್ ಸುಲಲಿತವಾಗಿ ಮಾತಾಡ್ತಾವ್ನೆ. ಬೀಗರನ್ನ ಕರೆಯೋದು ಅಂದ್ರೆ ಇಂಗಿರ್ಬೇಕು."

ಪುಟ್ಟತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದೆ ಬಂದು, ಓಬುಳೇಸುವಿಗೆ ಕೈ ಮುಗಿದು ಹೇಳಿದಳು: "ನಮ್ ತಮ್ಮ ಈಗೇನ್ ಏಳುದ್ನಲ್ಲ, ಅದೇ ನಮ್ಮೆಲ್ರ ಮಾತೂವೆ."

ಓಬುಳೇಸುವಿನ ಮೀಸೆ ಎರಡೂ ಕಡೆ ಮೇಲೆದ್ದಿತು. ಚೆಂಚುಲಕ್ಷ್ಮಮ್ಮನ ಕೈಯ ಬುಟ್ಟಿ ಜಾರಿ, ದಾಳಿಂಬೆಗಳು ಜಗಲಿಯ ಮೇಲೆ ಉರುಳಿದವು. ಧಾರಾವಾಹಿಯಲ್ಲಿ ಈ ಮಾತಿಗೆ ಕಣ್ಣೀರು ಬರುತ್ತಿತ್ತು, ಇಲ್ಲಿ ಸಿಟ್ಟು ಬಂದಿದೆ. ಎಲ್ಲೋ ತಪ್ಪಿತು ಎಂದು ಚಿಕ್ಕಸ್ವಾಮಿಗೆ ಹೊಳೆಯಿತು. ಅವನು ತೆಲುಗಿಗಾಗಿ ತಲೆಯೊಳಗೆಲ್ಲ ತಡಕಿದ. ಅಲ್ಲಿ ಇನ್ನೊಂದೇ ಒಂದು ಪೂರ್ತಿ ಮಾತಿತ್ತು. ಯಜಮಾನಿ ಹಾಗೆಂದಾಗಲೆಲ್ಲ ಸೊಸೆ ಓಡಿ ಬಂದು ಹೇಳುತ್ತಿದ್ದ ಮಾತು. ಅವನು ನೆಲಕ್ಕೆ ಕುಸಿದು, ಚೆಂಚುಲಕ್ಷ್ಮಮ್ಮನ ಕಾಲ ಬಳಿ ಕೂತು, ಅದೇ ರಾಗದಲ್ಲಿ ಬಿಕ್ಕಿದ.

"ನನ್ನು ಕ್ಷಮಿಂಚಂಡಿ ಅತ್ತಯ್ಯಾ. ಇಂಕೆಪ್ಪುಡೂ ಇಲಾ ಚೆಯ್ಯನು."

ನನ್ನನ್ನು ಕ್ಷಮಿಸಿ ಅತ್ತೆಯವರೇ, ಇನ್ನೆಂದೂ ಹೀಗೆ ಮಾಡುವುದಿಲ್ಲ.

ಚೆಂಚುಲಕ್ಷ್ಮಮ್ಮ ಬಗ್ಗಿ ಅವನನ್ನು ದಿಟ್ಟಿಸಿದರು. ತನಗಿಂತ ದೊಡ್ಡವನಾದ ಗಂಡಸು, ಹಣೆಗೆ ವಿಭೂತಿ, ಬಾಯಲ್ಲಿ ಸೊಸೆಯ ಮಾತು. ಆ ರಾಗ ಎಲ್ಲೋ ಕೇಳಿದ್ದು. ದಿನಾ ಮಧ್ಯಾಹ್ನ ಊಟವಾದ ಮೇಲೆ ಕೇಳುವುದು. ಅವರ ತುಟಿ ಅದುರಿತು, ಹೊಟ್ಟೆ ಕುಲುಕಿತು, ಸೆರಗು ಬಾಯಿಗೆ ಹೋಯಿತು. ಹೇಗೋ ಸಾವರಿಸಿಕೊಂಡು ಧಾರಾವಾಹಿಯ ಮುಂದಿನ ಮಾತನ್ನು ಅವರೇ ಹೇಳಿದರು: "ಲೇ ಅಮ್ಮಾ, ಲೇ. ಇದಿ ನೀ ಇಲ್ಲೇ."

ಏಳಮ್ಮಾ ಏಳು, ಇದು ನಿನ್ನದೇ ಮನೆ ಎಂದು ಅದರರ್ಥ. ಪುಟ್ಟತಾಯಮ್ಮನಿಗೆ ಕೇಳಿಸಿದ್ದು ಎರಡು 'ಲೇ' ಮಾತ್ರ.

"ಏನ್ ಬಾಯಿ ಕಣವ್ವಾ ಇವ್ರದು," ಎಂದಳು ಪುಟ್ಟಗೌರಮ್ಮನ ಕಿವಿಯಲ್ಲಿ. "ಬಂದ್ ಗಳಿಗೆಗೇ ಲೇ ಅಂತಾವ್ರೆ."

ಅಷ್ಟರಲ್ಲಿ ತನುಶ್ರೀಯೂ ವಿಜಯೇಂದ್ರನೂ ಮೈಸೂರಿನಿಂದ ಓಡಿ ಬಂದರು. ಬರುವ ದಾರಿಯಲ್ಲೇ ತನುಶ್ರೀ ಇದೇನು ಕಾಯಿಲೆ ಎಂದು ಕೇಳಲು ಅಪರ್ಣಳಿಗೆ ಫೋನು ಮಾಡಿ, ಆಣೆ ಮುರಿಸಿ, ಎಲ್ಲ ತಿಳಿದುಕೊಂಡಿದ್ದಳು. ವಿಜಯೇಂದ್ರ ಈ ಕಡೆಗೆ ತೆಲುಗಿನಲ್ಲಿ, ಆ ಕಡೆಗೆ ಕನ್ನಡದಲ್ಲಿ ಬಿಡಿಸಿ ಹೇಳಿದ. ಪುಟ್ಟಗೌರಮ್ಮ ಗಂಡನ ಎದುರು ಬಂದು ನಿಂತಳು.

"ಅಂಗಾರೆ ನಿಮ್ಗೆ ತೆಲುಗು ಬತ್ತಿರ್ಲಿಲ್ಲ."

ಚಿಕ್ಕಸ್ವಾಮಿ ತಲೆ ತಗ್ಗಿಸಿದ. "ಎದ್ರಿಕೆ ಆಯ್ತು ಕಣೇ," ಎಂದ. ಹೇಳಿದ ಮೇಲೆ ಕನ್ನಡ ಇನ್ನೂ ಒಳಗೆ ಇದೆಯೆಂದು ತಿಳಿದು ಅವನಿಗೆ ನಿಜವಾಗಿಯೂ ಅಳು ಬಂತು.

ಓಬುಳೇಸು ಮಾತ್ರ ನಗಲಿಲ್ಲ. ನನಗೆ ಸುಳ್ಳು ಹೇಳಿದ್ದಾರೆ ಎಂದು ಮಗನಿಗೆ ಗಡುಸಾಗಿ ಹೇಳಿದರು. ಚೆಂಚುಲಕ್ಷ್ಮಮ್ಮ ಗಂಡನತ್ತ ತಿರುಗಿ ಮೆಲ್ಲಗೆ ಏನೋ ಅಂದರು. ವಿಜಯೇಂದ್ರ ಅದನ್ನು ಕನ್ನಡಕ್ಕೆ ತಂದ. "ಅಮ್ಮ ಹೇಳ್ತಿದ್ದಾರೆ, ನಾನು ಮದುವೆಯಾಗಿ ಬಂದಾಗಿನಿಂದ ನನ್ನ ಮಾತು ಕೇಳೋಕೆ ಅಂತ ಯಾರೂ ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ಕೂತಿಲ್ಲ. ಇವರು ಮುಖ ಕೂಡ ನೋಡದೇ ಇರೋ ನನಗೋಸ್ಕರ ಇಷ್ಟು ದಿನ ಕೂತಿದ್ದಾರೆ. ಈ ಮನೆಯ ಹುಡುಗಿನೇ ಸೊಸೆ ಆಗಬೇಕು ಅಂತ."

ಮೀಸೆ ಸ್ವಲ್ಪ ಇಳಿಯಿತು. ಪುಟ್ಟಗೌರಮ್ಮ ಕಾಫಿಗೆ ಹಾಲು ಇಟ್ಟಳು. ಬೀಗಿತ್ತಿಗೆ ಮನೆ ತೋರಿಸುವ ಕೆಲಸ ಚಿಕ್ಕಸ್ವಾಮಿಯ ಪಾಲಿಗೆ ಬಂತು, ಓಬುಳೇಸುವೂ ಊರಿನ ಅರ್ಧ ಜನವೂ ಹಿಂದೆ ಹೊರಟರು. ಹಿತ್ತಿಲಿಗೆ ಬಂದದ್ದೇ ಚೆಂಚುಲಕ್ಷ್ಮಮ್ಮ ಗಕ್ಕನೆ ನಿಂತು, ಕೊಟ್ಟಿಗೆಯ ಒಳಗೆ ಬೆರಳು ತೋರಿಸಿದರು.

"ಅದಿಗೋ, ಆವು."

ತೊಣ್ಣೂರಿನವರ ಬಾಯಲ್ಲಿ ಹಾವು ಎಂದೂ ಹಾವಲ್ಲ, ಆವೇ. ಎರಡನೆಯ ಸಲ ಹೇಳಲು ಯಾರೂ ಅವಕಾಶ ಕೊಡಲಿಲ್ಲ.

"ಆವಂತೆ ಕಣ್ರಲಾ, ಕೊಟ್ಟಿಗೇಲಿ," ಎಂದು ಮಂಚಯ್ಯ ದೊಣ್ಣೆ ಹುಡುಕಲು ಹೋಗಿ ಹಿಂದಿರುಗಲಿಲ್ಲ. ಪುಟ್ಟತಾಯಮ್ಮ ಬಚ್ಚಲು ಮನೆ ಸೇರಿ ಅಗುಳಿ ಹಾಕಿಕೊಂಡಳು. ಹಿತ್ತಿಲು ಖಾಲಿಯಾಯಿತು. ಚಿಕ್ಕಸ್ವಾಮಿಯ ಕಾಲು ಕೂಡ ಅಭ್ಯಾಸದಿಂದ ಮನೆಯ ಕಡೆಗೆ ತಿರುಗಿತ್ತು. ಆದರೆ ಕಣ್ಣು ಬೀಗಿತ್ತಿಯ ಮುಖದ ಮೇಲಿತ್ತು. ಆ ಮುಖ ಹಬ್ಬದ ದಿನದ ಬಾಗಿಲಿನ ಹಾಗೆ ಅರಳಿತ್ತು. ಹಾವು ಕಂಡವರ ಮುಖ ಹಾಗಿರುವುದಿಲ್ಲ. ಬೆರಳು ಇದ್ದ ಕಡೆ ನೋಡಿದ. ಅಲ್ಲಿ ಅವನ ಕೆಂದ ಹಸು ಮೆಲುಕು ಹಾಕುತ್ತಾ ನಿಂತಿತ್ತು.

"ಆವು," ಎಂದ ಚಿಕ್ಕಸ್ವಾಮಿ, ಹಸುವಿನ ಬೆನ್ನು ಸವರಿ.

"ಆವು," ಎಂದು ಅವರು ತಲೆಯಾಡಿಸಿ ಅದರ ಗಂಗೆದೊಗಲು ತುರಿಸಿದರು.

ಆಗ ಮೇಲಿನಿಂದ ಯಾರೋ ಏದುಸಿರು ಬಿಡುವುದು ಕೇಳಿತು. ಹಿತ್ತಿಲಿನಲ್ಲಿ ನಿಲ್ಲಿಸಿದ್ದ ಟ್ರಾಕ್ಟರಿನ ಸೀಟಿನ ಮೇಲೆ, ಎರಡೂ ಕಾಲು ಮೇಲಕ್ಕೆ ಎತ್ತಿಕೊಂಡು, ಸ್ಟೇರಿಂಗು ತಬ್ಬಿಕೊಂಡು ನಿವೃತ್ತ ಸಬ್ ಇನ್‌ಸ್ಪೆಕ್ಟರ್ ಓಬುಳೇಸು ಕೂತಿದ್ದರು. ಅವರಿಗೆ ಏನೂ ಅರ್ಥವಾಗಿರಲಿಲ್ಲ. ಊರೆಲ್ಲ ಓಡಿದ್ದನ್ನು ಕಂಡು ಎಲ್ಲರಿಗಿಂತ ಮೊದಲು ಹತ್ತಿಬಿಟ್ಟಿದ್ದರು. ಮೀಸೆಯ ತುದಿ ಸಣ್ಣಗೆ ನಡುಗುತ್ತಿತ್ತು.

ಆ ನಡುಕ ಚಿಕ್ಕಸ್ವಾಮಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಅವನು ಟ್ರಾಕ್ಟರಿನ ಬಳಿ ಹೋಗಿ ಕೈ ಚಾಚಿದ.

"ಭಯಪಡಕಂಡಿ," ಎಂದ.

ಹೆದರಬೇಡಿ ಎಂಬ ಆ ಮಾತನ್ನು ಅವನು ಹುಡುಕಿರಲಿಲ್ಲ, ಕಟ್ಟಿರಲಿಲ್ಲ, ಅದಾಗೇ ಬಂದಿತ್ತು. ಅಷ್ಟೇ ಅಲ್ಲ, ಇಷ್ಟು ವರ್ಷದಲ್ಲಿ ಅವನು ಅದನ್ನು ಯಾವ ಭಾಷೆಯಲ್ಲೂ ಯಾರಿಗೂ ಹೇಳಿದ್ದೇ ಇಲ್ಲ. ಓಬುಳೇಸು ಒಮ್ಮೆ ಕೊಟ್ಟಿಗೆಯ ಕಡೆ, ಒಮ್ಮೆ ಅವನ ಕಡೆ ನೋಡಿ, ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿದರು.